ಏನಾಯ್ತು ಅಂತ ಕೋಡ್ ಹೇಳಲಿ, ಎಲ್ಲಿಗೆ ಹೋಗಬೇಕು ಅಂತ ಕಾನ್ಫಿಗ್ ಹೇಳಲಿ

ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಅಪ್ಲಿಕೇಶನ್‌ನ ಕೋಡ್ ತೆರೆದು, ಮಾನಿಟರಿಂಗ್‌ಗೆ ಈಗ ಬಳಸುತ್ತಿರುವ ಕಂಪನಿಯ ಲೈಬ್ರರಿ ಹೆಸರನ್ನು ಹುಡುಕಿ. ಒಂದೆರಡು ಫೈಲ್‌ನಲ್ಲಿ ಮಾತ್ರ ಸಿಕ್ಕಿದರೆ ನೀವು ಆರಾಮಾಗಿದ್ದೀರಿ. ಪಟ್ಟಿ ಪರದೆ ದಾಟಿ ಹೋದರೆ ಮುಂದೆ ಓದಿ.

ಬೇರೆ ಬೇರೆ ಟೀಮ್‌ಗಳ ಸರ್ವೀಸ್‌ಗಳಿಗೆ ಲಾಗ್ (ನಡೆದದ್ದರ ದಾಖಲೆ), ಮೆಟ್ರಿಕ್ಸ್ (ಎಣಿಕೆ, ಅಳತೆಗಳು), ಎರರ್ ರಿಪೋರ್ಟಿಂಗ್ ಹೊಂದಿಸಿ ಕೊಡುವುದು ನನ್ನ ಕೆಲಸ. ಒಂದು ಪೇಮೆಂಟ್ ಸರ್ವೀಸ್‌ನಲ್ಲಿ ಹಣ ವಾಪಸ್ ಮಾಡುವ ಫಂಕ್ಷನ್ ನೋಡಿದೆ. ಅದರಲ್ಲಿ ಹಣದ ಲೆಕ್ಕಕ್ಕಿಂತ ವೆಂಡರ್‌ಗಳ (ಮಾನಿಟರಿಂಗ್ ಸೇವೆ ಮಾರುವ ಕಂಪನಿಗಳ) ಲೈಬ್ರರಿಗಳ ಕರೆಗಳೇ ಜಾಸ್ತಿ. ಲಾಗ್‌ಗೆ ಒಂದು ಕಂಪನಿ, ಕೌಂಟರ್‌ಗೆ ಇನ್ನೊಂದು, ಎರರ್‌ಗೆ ಮತ್ತೊಂದು. ಅವುಗಳಲ್ಲಿ ಒಂದು ಕಂಪನಿ ದರ ಏರಿಸಿತು. ಬಿಟ್ಟುಬಿಡೋಣ ಅಂತ ಟೀಮ್ ಹೊರಟಿತು. ಬಿಡೋಕೆ ಎಷ್ಟು ಫೈಲ್ ಮುಟ್ಟಬೇಕು ಅಂತ ಲೆಕ್ಕ ಹಾಕಿದ ಮೇಲೆ, ಏರಿದ ದರವನ್ನೇ ಕಟ್ಟಿತು. ಸಾಫ್ಟ್‌ವೇರ್ ಬರೆಯುವವರು ಇಂಥ ಜಾಗಕ್ಕೆ ಬಂದು ನಿಲ್ಲಬಾರದು ಅನ್ನೋದು ನನ್ನ ಕಾಳಜಿ.

ನಾನು ಹೇಳಬೇಕಾದ ಮಾತು ಒಂದೇ. ಏನು ನಡೆಯಿತು ಅನ್ನುವುದನ್ನು ಕೋಡ್ ಹೇಳಬೇಕು. ಆ ಸುದ್ದಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಹೊರಗಿನ ಕಾನ್ಫಿಗ್ ಹೇಳಬೇಕು. ಈ ಗೆರೆಯನ್ನು ಎಲ್ಲಿ ಎಳೆಯುವುದು, ಎಳೆದ ಮೇಲೆ ಅಳಿಸದಂತೆ ಹೇಗೆ ನೋಡಿಕೊಳ್ಳುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಇಂಟರ್‌ಫೇಸ್ ಆರಿಸಿಕೊಳ್ಳುವುದು

ಲಾಗ್ ವಿಷಯದಲ್ಲಿ ಹೆಚ್ಚಿನ ಭಾಷೆಗಳಿಗೆ ಉತ್ತರ ಸಿದ್ಧವಾಗಿದೆ. ಪೈಥಾನ್‌ನಲ್ಲಿ 2003ರ 2.3 ಆವೃತ್ತಿಯಿಂದಲೇ ಲಾಗಿಂಗ್ ಮಾಡ್ಯೂಲ್ ಇದೆ. ಜಾವಾದಲ್ಲಿ ಎಸ್‌ಎಲ್‌ಎಫ್4ಜೆ, ಪಿಎಚ್‌ಪಿಯಲ್ಲಿ ಪಿಎಸ್‌ಆರ್-3, ಡಾಟ್‌ನೆಟ್‌ನಲ್ಲಿ ಐಲಾಗರ್, ರಸ್ಟ್‌ನಲ್ಲಿ ಲಾಗ್ ಮತ್ತು ಟ್ರೇಸಿಂಗ್ ಕ್ರೇಟ್‌ಗಳು. ಗೋ ಭಾಷೆಗೆ ಸ್ವಲ್ಪ ತಡವಾಗಿ, 2023ರ 1.21 ಆವೃತ್ತಿಯಲ್ಲಿ, ಎಸ್‌ಲಾಗ್ ಬಂತು. ಇವೆಲ್ಲ ಬರೀ ಬಾಗಿಲುಗಳು. ಹಿಂದೆ ಯಾರು ಕೂತಿದ್ದಾರೆ ಅಂತ ನಿಮ್ಮ ಕೋಡ್ ಕೇಳುವುದಿಲ್ಲ.

ಇದರಿಂದ ಏನು ಲಾಭ ಅಂತ ಕೇಳುವವರಿಗೆ 2021ರ ಡಿಸೆಂಬರ್ ನೆನಪಿಸುತ್ತೇನೆ. ಜಾವಾದ ಲಾಗ್ ಲೈಬ್ರರಿ ಲಾಗ್4ಜೆ 2ರಲ್ಲಿ ಲಾಗ್4ಶೆಲ್ ಅನ್ನುವ ದೋಷ ಹೊರಬಿತ್ತು. ಯಾರೋ ಬೇಕಂತಲೇ ಕಳಿಸಿದ ಒಂದು ಸಾಲು ಲಾಗ್‌ಗೆ ಬಿದ್ದರೆ ಸಾಕಿತ್ತು, ಅವರ ಕೋಡ್ ನಿಮ್ಮ ಸರ್ವರ್ ಮೇಲೆ ಓಡಬಹುದಿತ್ತು. ಹೊಸ ಆವೃತ್ತಿ ಹಾಕುವುದು ಎಲ್ಲರಿಗೂ ಇದ್ದ ದಾರಿ. ಎಸ್‌ಎಲ್‌ಎಫ್4ಜೆ ಮೂಲಕವಷ್ಟೇ ಲಾಗ್ ಬರೆದವರಿಗೆ ಇನ್ನೊಂದು ದಾರಿಯೂ ಇತ್ತು: ಲಾಗ್4ಜೆ ಜಾರ್ ತೆಗೆದು ಆ ಜಾಗದಲ್ಲಿ ಲಾಗ್‌ಬ್ಯಾಕ್ ಅನ್ನುವ ಇನ್ನೊಂದು ಲೈಬ್ರರಿ ಇಡುವುದು. ಆ ದೋಷ ಲಾಗ್‌ಬ್ಯಾಕ್‌ನಲ್ಲಿ ಇರಲಿಲ್ಲ. ತಮ್ಮ ಕೋಡ್‌ನಲ್ಲಿ ಒಂದು ಸಾಲನ್ನೂ ಅವರು ಬದಲಿಸಬೇಕಿರಲಿಲ್ಲ.

ಮೆಟ್ರಿಕ್ಸ್ ಮತ್ತು ಟ್ರೇಸ್‌ಗೆ (ಒಂದು ರಿಕ್ವೆಸ್ಟ್ ಯಾವ ಯಾವ ಸರ್ವೀಸ್ ದಾಟಿತು ಅನ್ನುವ ದಾಖಲೆಗೆ) ನಾನು ಓಪನ್‌ಟೆಲಿಮೆಟ್ರಿಯನ್ನೇ ಹೇಳುತ್ತೇನೆ. ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಅಂತ ಎರಡು ಯೋಜನೆಗಳು 2019ರಲ್ಲಿ ಸೇರಿ ಇದಾಯಿತು. ಜಾವಾದವರಿಗೆ ಮೈಕ್ರೋಮೀಟರ್ ಲೈಬ್ರರಿ ಕೂಡ ಒಳ್ಳೆಯದೇ. ಓಪನ್‌ಟೆಲಿಮೆಟ್ರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು, ಅದರಲ್ಲಿ ಎಪಿಐ (ಕರೆಯುವ ಬಾಗಿಲು) ಬೇರೆ, ಎಸ್‌ಡಿಕೆ (ಹಿಂದೆ ನಿಜಕ್ಕೂ ಕೆಲಸ ಮಾಡುವ ಕೋಡ್) ಬೇರೆ. ನಿಮ್ಮ ಕೋಡ್ ಎಪಿಐಯನ್ನಷ್ಟೇ ಕರೆಯುತ್ತದೆ. ಹಿಂದೆ ಎಸ್‌ಡಿಕೆ ಇಲ್ಲದಿದ್ದರೆ ಆ ಕರೆ ಏನೂ ಮಾಡದೆ ಸುಮ್ನೆ ವಾಪಸ್ ಬರುತ್ತದೆ. ಎಸ್‌ಡಿಕೆ ಜೋಡಿಸುವುದು ಪ್ರೋಗ್ರಾಂ ಶುರುವಾಗುವ ಒಂದೇ ಒಂದು ಫೈಲ್‌ನಲ್ಲಿ.

ಬೇರೆಯವರು ಬಳಸುವ ಲೈಬ್ರರಿ ಬರೆಯುತ್ತಿದ್ದರೆ ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಿ. ಲೈಬ್ರರಿ ಎಂದೂ ಎಸ್‌ಡಿಕೆಯನ್ನು ಜೊತೆಗೆ ಎಳೆದುಕೊಂಡು ಬರಬಾರದು. ಲಾಗ್ ಹ್ಯಾಂಡ್ಲರ್ (ಲಾಗ್ ಅನ್ನು ಒಂದು ಜಾಗಕ್ಕೆ ಕಳಿಸುವ ಭಾಗ) ಕೂಡ ಹೊಂದಿಸಬಾರದು. ಪೈಥಾನ್ ಲೈಬ್ರರಿ ಆದರೆ ಎಲ್ಲಿಗೂ ಏನೂ ಬರೆಯದ ನಲ್‌ಹ್ಯಾಂಡ್ಲರ್ ಒಂದನ್ನು ಹಾಕಿ ಬಿಟ್ಟುಬಿಡಿ. ಉಳಿದದ್ದು ಅಪ್ಲಿಕೇಶನ್ ಬರೆಯುವವರ ಹಕ್ಕು.

ಇಲ್ಲಿ ಒಂದು ಎಚ್ಚರಿಕೆ. "ವೆಂಡರ್ ಬೇಡ" ಅನ್ನುವ ಉತ್ಸಾಹದಲ್ಲಿ ಕೆಲವು ಟೀಮ್‌ಗಳು ಎಲ್ಲದಕ್ಕೂ ತಮ್ಮದೇ ಹೊದಿಕೆ ಬರೆಯುತ್ತವೆ. ನಮ್ಮ ಲಾಗರ್, ನಮ್ಮ ಕೌಂಟರ್, ನಮ್ಮ ಟ್ರೇಸರ್ ಅಂತ. ಬೇಡ. ಎಸ್‌ಎಲ್‌ಎಫ್4ಜೆ ಆಗಲಿ, ಓಪನ್‌ಟೆಲಿಮೆಟ್ರಿ ಎಪಿಐ ಆಗಲಿ, ಅವು ಇರುವುದೇ ಆ ಹೊದಿಕೆಯ ಕೆಲಸಕ್ಕೆ. ಅದರ ಮೇಲೆ ಇನ್ನೊಂದು ಹೊದಿಸಿದರೆ ಹೊಸದಾಗಿ ಬಂದವರು ಕಲಿಯಬೇಕಾದದ್ದು ಜಾಸ್ತಿ ಆಗುತ್ತದೆ. ಲಾಗ್ ಸಾಲಿನ ಮುಂದೆ ಮೂಲ ಫೈಲ್ ಬದಲು ಹೊದಿಕೆಯ ಫೈಲ್ ಹೆಸರು ಬರುತ್ತದೆ. ಸ್ವಂತ ಇಂಟರ್‌ಫೇಸ್ ಬೇಕಾಗುವುದು ಎರರ್ ರಿಪೋರ್ಟಿಂಗ್‌ಗೆ ಮಾತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಲಾಗ್ ಸಾಲನ್ನು ಬಿಡಿಸಿ ನೋಡೋಣ

ಎಲ್ಲ ಕಡೆ ಕಾಣುವ ಸಾಲು ಹೀಗಿರುತ್ತದೆ:

ಆರ್ಡರ್ 88213 ಪೇಮೆಂಟ್ ಫೇಲ್ ಆಯಿತು, 3 ಸಲ ಪ್ರಯತ್ನಿಸಿ ಕೊನೆಗೆ ಟೈಮ್‌ಔಟ್

ಓದುವವರಿಗೆ ಚೆನ್ನಾಗಿಯೇ ಇದೆ. ಆದರೆ "ನಿನ್ನೆ ಟೈಮ್‌ಔಟ್‌ನಿಂದ ಎಷ್ಟು ಪೇಮೆಂಟ್ ವಿಫಲವಾಯಿತು" ಅಂತ ಯಾರಾದರೂ ಕೇಳಲಿ. ಪ್ರತಿ ಸಾಲಿನಲ್ಲೂ ನಂಬರ್ ಬೇರೆ, ಹಾಗಾಗಿ ಯಾವ ಎರಡು ಸಾಲೂ ಒಂದೇ ಥರ ಇಲ್ಲ. ರೆಜೆಕ್ಸ್ ಬರೆದು ಹುಡುಕಬೇಕು. ಆ ರೆಜೆಕ್ಸ್ ನಿಮ್ಮ ವೆಂಡರ್‌ನ ಸ್ಕ್ರೀನ್‌ನಲ್ಲಿ ಸೇವ್ ಆಗಿರುತ್ತದೆ. ವೆಂಡರ್ ಬದಲಾದ ದಿನ ಅದೂ ಹೋಗುತ್ತದೆ.

ಅದೇ ಸುದ್ದಿಯನ್ನು ಹೀಗೆ ಬರೆಯಿರಿ:

ಘಟನೆ = ಪೇಮೆಂಟ್_ವಿಫಲ
ಆರ್ಡರ್_ಐಡಿ = 88213
ಪ್ರಯತ್ನ = 3
ಕಾರಣ = ಟೈಮ್‌ಔಟ್
ಅವಧಿ_ಮಿಸೆ = 9040

ಘಟನೆಯ ಹೆಸರು ಯಾವತ್ತೂ ಬದಲಾಗದು. ಬದಲಾಗುವುದೆಲ್ಲ ಫೀಲ್ಡ್‌ಗಳಲ್ಲಿ. ಇದನ್ನು ಜೇಸನ್ ಆಗಿ ಹೊರಗೆ ಬರೆದರೆ ಯಾವ ಬ್ಯಾಕೆಂಡ್ (ಸುದ್ದಿ ಕೂಡಿಟ್ಟು ತೋರಿಸುವ ಸೇವೆ) ಬೇಕಾದರೂ ಅರ್ಥ ಮಾಡಿಕೊಳ್ಳುತ್ತದೆ. ಏನೂ ಇಲ್ಲದಿದ್ದರೆ ಜೇಸನ್ ಓದುವ ಜೆಕ್ಯೂ ಕಮಾಂಡ್ ಒಂದರಿಂದಲೇ ಎಣಿಸಬಹುದು. ಅವಧಿಯ ಹೆಸರಿನಲ್ಲೇ ಮಿಲಿಸೆಕೆಂಡ್ ಅಂತ ಇರುವುದನ್ನು ಗಮನಿಸಿ. 9040 ಅಂತ ಮಾತ್ರ ಇದ್ದರೆ ಅದು ಮಿಲಿಸೆಕೆಂಡೋ ಮೈಕ್ರೋಸೆಕೆಂಡೋ ಅಂತ ನಡುರಾತ್ರಿ ಎದ್ದು ಬಂದವರಿಗೆ ಹೇಗೆ ಗೊತ್ತಾಗಬೇಕು?

ಫೀಲ್ಡ್ ಹೆಸರುಗಳನ್ನು ರೆಪೊದಲ್ಲೇ ಒಂದು ಫೈಲ್‌ನಲ್ಲಿ ಬರೆದಿಡಿ. ಒಂದು ಟೀಮ್ ಯೂಸರ್_ಐಡಿ ಅನ್ನುತ್ತದೆ, ಇನ್ನೊಂದು ಯುಐಡಿ, ಮತ್ತೊಂದು ಕಸ್ಟಮರ್. ಮೂರೂ ಒಂದೇ. ಮೂರು ಸರ್ವೀಸ್ ದಾಟಿ ಬಂದ ಒಂದು ತೊಂದರೆಯನ್ನು ಹುಡುಕುವಾಗ ಇದರಿಂದ ಆಗುವ ಕಷ್ಟ ಅಷ್ಟಿಷ್ಟಲ್ಲ. ಎಚ್‌ಟಿಟಿಪಿ, ಡೇಟಾಬೇಸ್‌ನಂಥ ಸಾಮಾನ್ಯ ವಿಷಯಗಳಿಗೆ ಓಪನ್‌ಟೆಲಿಮೆಟ್ರಿಯವರು ಹೆಸರುಗಳ ಪಟ್ಟಿ ಮಾಡಿಟ್ಟಿದ್ದಾರೆ. ಅದನ್ನೇ ತೆಗೆದುಕೊಳ್ಳಿ. ನಿಮ್ಮ ವ್ಯವಹಾರದ ಮಾತುಗಳಿಗೆ ಮಾತ್ರ ನಿಮ್ಮ ಪಟ್ಟಿ.

ಸಮಯವನ್ನು ಯುಟಿಸಿಯಲ್ಲೇ, ಆರ್‌ಎಫ್‌ಸಿ 3339 ರೂಪದಲ್ಲಿ ಬರೆಯಿರಿ. ಇದರಲ್ಲಿ ಚರ್ಚೆಗೆ ಜಾಗ ಇಲ್ಲ.

ಲೆವೆಲ್, ಅಂದರೆ ಒಂದು ಲಾಗ್ ಸಾಲು ಎಷ್ಟು ಗಂಭೀರ ಅನ್ನುವ ಗುರುತು, ಇದರ ವಿಷಯದಲ್ಲಿ ಗೊಂದಲ ಜಾಸ್ತಿ. ಯುನಿಕ್ಸ್‌ನ ಹಳೆಯ ಲಾಗ್ ವ್ಯವಸ್ಥೆಯಾದ ಸಿಸ್‌ಲಾಗ್‌ನಲ್ಲಿ 0ಯಿಂದ 7ರವರೆಗೆ ಎಂಟು ಲೆವೆಲ್, ಅದರಲ್ಲಿ ನಂಬರ್ ಕಡಿಮೆ ಆದಷ್ಟೂ ಅಪಾಯ ಹೆಚ್ಚು. ಓಪನ್‌ಟೆಲಿಮೆಟ್ರಿಯಲ್ಲಿ 1ರಿಂದ 24ರವರೆಗೆ, ನಾಲ್ಕು ನಾಲ್ಕರ ಆರು ಗುಂಪು. ಇಲ್ಲಿ ಉಲ್ಟಾ, ನಂಬರ್ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಇದನ್ನು ಮರೆಯಬೇಡಿ. ನಿಮ್ಮ ಕೋಡ್‌ಗೆ ನಾಲ್ಕು ಸಾಕು. ಯಾರಾದರೂ ಬಂದು ನೋಡಲೇಬೇಕಾದದ್ದು ಎರರ್. ಈಗ ಪರವಾಗಿಲ್ಲ, ಹೀಗೇ ಮುಂದುವರಿದರೆ ಕಷ್ಟ ಅನ್ನುವುದು ವಾರ್ನಿಂಗ್. ವ್ಯವಹಾರದಲ್ಲಿ ಒಂದು ಹೆಜ್ಜೆ ಮುಗಿಯಿತು ಅನ್ನುವುದು ಇನ್ಫೋ. ಉಳಿದದ್ದೆಲ್ಲ ಡಿಬಗ್. ಗ್ರಾಹಕರ ಕಾರ್ಡ್‌ನಲ್ಲಿ ಹಣ ಇಲ್ಲ ಅಂತ ಬ್ಯಾಂಕ್ ಹೇಳಿದರೆ ಅದು ಎರರ್ ಆಗುವುದಿಲ್ಲ. ನಿಮ್ಮ ಸಾಫ್ಟ್‌ವೇರ್ ಸರಿಯಾಗಿಯೇ ಕೆಲಸ ಮಾಡಿದೆ. ಬ್ಯಾಂಕಿನ ಉತ್ತರವೇ ಬರಲಿಲ್ಲ ಅಂದರೆ ಅದು ಎರರ್.

ಬರೆಯುವುದು ಎಲ್ಲಿಗೆ? ಸರ್ವರ್ ಪ್ರೋಗ್ರಾಂ ಆದರೆ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ. ಫೈಲ್ ತೆರೆಯುವುದು, ತುಂಬಿದಾಗ ಬದಲಿಸುವುದು, ನೆಟ್‌ವರ್ಕ್ ಮೇಲೆ ಕಳಿಸುವುದು, ಇದ್ಯಾವುದೂ ಅಪ್ಲಿಕೇಶನ್‌ನ ಕೆಲಸವಲ್ಲ. ಹೊರಗಿನ ಏಜೆಂಟ್ ಅದನ್ನು ಎತ್ತಿಕೊಳ್ಳಲಿ.

ಗುಟ್ಟಿನ ವಿಷಯಗಳನ್ನು ಅಳಿಸುವುದು ಮಾತ್ರ ಅಪ್ಲಿಕೇಶನ್‌ನ ಒಳಗೇ ಆಗಬೇಕು. ಪಾಸ್‌ವರ್ಡ್, ಒಟಿಪಿ, ಕಾರ್ಡ್ ನಂಬರ್, ಆಥರೈಸೇಶನ್ ಹೆಡರ್, ಯುಆರ್‌ಎಲ್ ಬಾಲದಲ್ಲಿ ಬರುವ ಟೋಕನ್. "ನಮ್ಮ ವೆಂಡರ್ ಅಳಿಸುತ್ತಾರೆ" ಅನ್ನುವ ಉತ್ತರ ಸಾಲದು. ಅಳಿಸುವ ಹೊತ್ತಿಗೆ ಅದು ನಿಮ್ಮ ಮನೆಯಿಂದ ಹೊರಗೆ ಹೋಗಿಯಾಗಿದೆ. ವೆಂಡರ್ ಬದಲಾದರೆ ಆ ನಿಯಮಗಳೂ ಜೊತೆಗೆ ಬರುವುದಿಲ್ಲ. ಬೇಡದ್ದರ ಪಟ್ಟಿ ಮಾಡುವುದಕ್ಕಿಂತ ಬೇಕಾದ್ದರ ಪಟ್ಟಿ ಮಾಡಿ. ಪಟ್ಟಿಯಲ್ಲಿರುವ ಫೀಲ್ಡ್ ಮಾತ್ರ ಹೊರಗೆ ಹೋಗಲಿ. ಇಡೀ ರಿಕ್ವೆಸ್ಟ್ ಆಬ್ಜೆಕ್ಟ್ ಎತ್ತಿ ಲಾಗ್‌ಗೆ ಹಾಕುವ ಅಭ್ಯಾಸವನ್ನು ಕೋಡ್ ರಿವ್ಯೂನಲ್ಲೇ ನಿಲ್ಲಿಸಿ.

ಇನ್ನೊಂದು ಚಾಳಿ: ಎಕ್ಸೆಪ್ಶನ್ ಹಿಡಿದು, ಲಾಗ್ ಬರೆದು, ಮತ್ತೆ ಮೇಲಕ್ಕೆ ಎಸೆಯುವುದು. ಮೇಲಿನ ಫಂಕ್ಷನ್ ಕೂಡ ಹಾಗೇ ಮಾಡುತ್ತದೆ, ಅದರ ಮೇಲಿನದ್ದೂ ಹಾಗೇ. ಒಂದು ತಪ್ಪು ನಾಲ್ಕು ಸಲ ಕಾಣುತ್ತದೆ, ಎಣಿಕೆ ಹಾಳಾಗುತ್ತದೆ. ನಿಯಮ ಸರಳ: ನೀವು ನಿಭಾಯಿಸಿದರೆ ಲಾಗ್ ಮಾಡಿ, ಎಸೆಯುವುದಾದರೆ ಲಾಗ್ ಮಾಡಬೇಡಿ. ಹೇಳಲೇಬೇಕಾದ ವಿವರ ಇದ್ದರೆ ಎಕ್ಸೆಪ್ಶನ್‌ಗೇ ಸೇರಿಸಿ ಕಳಿಸಿ.

ಮೆಟ್ರಿಕ್ಸ್: ಎಣಿಸಿ, ಆದರೆ ಲೇಬಲ್ ಮೇಲೆ ಕಣ್ಣಿಡಿ

ಮೂರು ಬಗೆ ನೆನಪಿಟ್ಟುಕೊಂಡರೆ ಸಾಕು. ಏರುತ್ತಲೇ ಹೋಗುವುದು ಕೌಂಟರ್, ಬಂದ ರಿಕ್ವೆಸ್ಟ್‌ಗಳ ಹಾಗೆ. ಏರಿಳಿಯುವುದು ಗೇಜ್, ಕ್ಯೂನಲ್ಲಿ ಕಾಯುತ್ತಿರುವ ಕೆಲಸಗಳ ಹಾಗೆ. ಎಷ್ಟು ಹೊತ್ತಾಯಿತು, ಎಷ್ಟು ಬೈಟ್ ಆಯಿತು ಅಂತ ಹರಡಿಕೊಂಡಿರುವುದಕ್ಕೆ ಹಿಸ್ಟೋಗ್ರಾಮ್. ಒಂದು ಸರ್ವೀಸ್‌ಗೆ ಏನು ಅಳೆಯಬೇಕು ಅಂತ ಗೊತ್ತಾಗದಿದ್ದರೆ ಮೂರರಿಂದ ಶುರು ಮಾಡಿ: ಎಷ್ಟು ರಿಕ್ವೆಸ್ಟ್ ಬಂತು, ಎಷ್ಟು ವಿಫಲವಾಯಿತು, ಒಂದೊಂದಕ್ಕೆ ಎಷ್ಟು ಸಮಯ ಹಿಡಿಯಿತು.

ಹೆಸರಿನಲ್ಲಿ ಮೂಲ ಮಾನ ಇರಲಿ: ಸೆಕೆಂಡ್, ಬೈಟ್. ಇಲ್ಲಿ ಮಿಲಿಸೆಕೆಂಡ್ ಬೇಡ. ಮೆಟ್ರಿಕ್ಸ್ ಕೂಡಿಡುವ ಪ್ರೊಮಿಥಿಯಸ್‌ನ ಬಳಗದಲ್ಲಿ ಇದೇ ರೂಢಿ, ಓಪನ್‌ಟೆಲಿಮೆಟ್ರಿಯಲ್ಲೂ ಎಚ್‌ಟಿಟಿಪಿ ಅವಧಿ ಸೆಕೆಂಡಿನಲ್ಲೇ.

ಈಗ ಲೇಬಲ್‌ಗಳ, ಅಂದರೆ ಅಳತೆಯನ್ನು ವಿಂಗಡಿಸುವ ಗುರುತುಗಳ, ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ, ಬಿಲ್ ಹುಟ್ಟುವುದು ಇಲ್ಲೇ. ನಿಮ್ಮ ಎಚ್‌ಟಿಟಿಪಿ ಅವಧಿಯ ಹಿಸ್ಟೋಗ್ರಾಮ್‌ಗೆ ಮೂರು ಲೇಬಲ್ ಇವೆ ಅಂದುಕೊಳ್ಳಿ. 4 ಮೆಥಡ್, 30 ರೂಟ್, 5 ಸ್ಟೇಟಸ್ ಗುಂಪು. ಗುಣಿಸಿದರೆ 600. ಪ್ರೊಮಿಥಿಯಸ್ ಲೈಬ್ರರಿಗಳ ರೂಢಿಯ ಹಿಸ್ಟೋಗ್ರಾಮ್‌ನಲ್ಲಿ 5 ಮಿಲಿಸೆಕೆಂಡ್‌ನಿಂದ 10 ಸೆಕೆಂಡ್‌ವರೆಗೆ 11 ಬಕೆಟ್ (ಇಷ್ಟು ಹೊತ್ತಿನೊಳಗೆ ಎಷ್ಟು ಅಂತ ಎಣಿಸುವ ಖಾನೆ), ಮೇಲೆ ಅನಂತದ್ದೊಂದು, ಮೊತ್ತ ಒಂದು, ಎಣಿಕೆ ಒಂದು, ಒಟ್ಟು 14. 600ಕ್ಕೆ ಗುಣಿಸಿದರೆ 8,400 ಸೀರೀಸ್, ಅಂದರೆ ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕಾದ ಅಂಕಿಗಳ ಸಾಲು. ಸರ್ವೀಸ್‌ನ 10 ಪ್ರತಿ ಓಡುತ್ತಿದ್ದರೆ 84,000. ಇಲ್ಲಿಯವರೆಗೆ ಸರಿ. ಈಗ ಯಾರೋ "ಯಾವ ಗ್ರಾಹಕರಿಗೆ ನಿಧಾನ ಆಗ್ತಿದೆ ಅಂತ ನೋಡೋಣ" ಅಂತ ಯೂಸರ್ ಐಡಿಯನ್ನು ಲೇಬಲ್ ಮಾಡುತ್ತಾರೆ. 1 ಲಕ್ಷ ಗ್ರಾಹಕರಿದ್ದರೆ ಮೇಲಿನ ಮಿತಿ 840 ಕೋಟಿ ಸೀರೀಸ್. ಎಲ್ಲ ಜೋಡಿಯೂ ನಿಜಕ್ಕೆ ಹುಟ್ಟುವುದಿಲ್ಲ ಅನ್ನೋದು ಸರಿ. ಅದರಲ್ಲಿ ಒಂದು ಸಣ್ಣ ಪಾಲು ಹುಟ್ಟಿದರೂ ಪ್ರೊಮಿಥಿಯಸ್ ಮೆಮೊರಿ ಸಾಲದೆ ಬೀಳುತ್ತದೆ. ಹಣ ಕೊಟ್ಟು ಕೊಳ್ಳುವ ಸೇವೆಯಾದರೆ ಅದು ಬೀಳುವುದಿಲ್ಲ, ಬಿಲ್ ಬರುತ್ತದೆ.

ಯೂಸರ್ ಐಡಿ, ಆರ್ಡರ್ ಐಡಿ, ಪೂರ್ತಿ ಯುಆರ್‌ಎಲ್, ಎರರ್ ಸಂದೇಶ, ಇವೆಲ್ಲ ಲಾಗ್‌ಗೆ ಮತ್ತು ಟ್ರೇಸ್‌ಗೆ. ಲೇಬಲ್‌ಗೆ ಹೋಗುವುದು ಮೊದಲೇ ಎಣಿಸಿ ಹೇಳಬಹುದಾದ ಮೌಲ್ಯಗಳು ಮಾತ್ರ. ರೂಟ್ ಹಾಕುವಾಗಲೂ ಆರ್ಡರ್ ನಂಬರ್ ಸೇರಿದ ವಿಳಾಸ ಬೇಡ, ನಂಬರ್ ಜಾಗದಲ್ಲಿ ಐಡಿ ಅಂತ ಇರುವ ನಮೂನೆ ಹಾಕಿ.

ಸಮಯದ ಪರ್ಸೆಂಟೈಲ್ ಬಗ್ಗೆಯೂ ಒಂದು ಮಾತು. ಒಂದು ಮಷೀನ್‌ಗೆ 100 ರಿಕ್ವೆಸ್ಟ್ ಬಂದು ಅದರ ಪಿ99 (ನೂರಕ್ಕೆ 99 ರಿಕ್ವೆಸ್ಟ್ ಇಷ್ಟರೊಳಗೆ ಮುಗಿದವು ಅನ್ನುವ ಸಮಯ) ಎರಡು ಸೆಕೆಂಡ್. ಇನ್ನೊಂದಕ್ಕೆ 10,000 ಬಂದು ಪಿ99 0.1 ಸೆಕೆಂಡ್. ಎರಡರ ಸರಾಸರಿ 1.05 ಸೆಕೆಂಡ್ ಅಂತ ಡ್ಯಾಶ್‌ಬೋರ್ಡ್ ತೋರಿಸಿದರೆ ಆ ಅಂಕಿಗೆ ಯಾವ ಅರ್ಥವೂ ಇಲ್ಲ. ಪರ್ಸೆಂಟೈಲ್‌ಗಳನ್ನು ಕೂಡಿ ಭಾಗಿಸಲು ಬರುವುದಿಲ್ಲ. ಅದಕ್ಕೇ ಅಪ್ಲಿಕೇಶನ್ ಒಳಗೆ ಪಿ99 ಲೆಕ್ಕ ಹಾಕಿ ಕಳಿಸಬೇಡಿ. ಬಕೆಟ್‌ಗಳ ಎಣಿಕೆ ಕಳಿಸಿ. ಎಣಿಕೆಗಳನ್ನು ಕೂಡಬಹುದು, ಕೂಡಿದ ಮೇಲೆ ಪರ್ಸೆಂಟೈಲ್ ತೆಗೆಯಬಹುದು. ಬ್ಯಾಕೆಂಡ್ ಯಾವುದೇ ಇರಲಿ, ಈ ಲೆಕ್ಕ ನಿಲ್ಲುತ್ತದೆ.

ಬ್ಯಾಕೆಂಡ್ ಬದಲಿಸುವಾಗ ಜನ ಎಡವುವುದು ಕೌಂಟರ್ ಹೇಗೆ ಸಾಗುತ್ತದೆ ಅನ್ನುವಲ್ಲಿ. ಪ್ರೊಮಿಥಿಯಸ್ ತಾನೇ ಬಂದು ಓದುತ್ತದೆ, ಪ್ರೋಗ್ರಾಂ ಶುರುವಾದಾಗಿನಿಂದ ಒಟ್ಟು ಎಷ್ಟು ಅನ್ನುವ ಅಂಕಿ ಅದಕ್ಕೆ ಬೇಕು. ಸ್ಟಾಟ್ಸ್‌ಡಿ ಥರದ ಮೆಟ್ರಿಕ್ಸ್ ಸರ್ವರ್‌ಗೆ ನೀವೇ ಯುಡಿಪಿ ಮೇಲೆ, ಸಾಮಾನ್ಯವಾಗಿ 8125 ಪೋರ್ಟ್‌ಗೆ, ಕಳೆದ ಸಲದಿಂದ ಎಷ್ಟು ಹೆಚ್ಚಾಯಿತು ಅಂತ ಕಳಿಸುತ್ತೀರಿ. ಒಟ್ಟು ಬೇಕಾದ ಕಡೆಗೆ ಹೆಚ್ಚಳ ಹೋದರೆ, ಹೆಚ್ಚಳ ಬೇಕಾದ ಕಡೆಗೆ ಒಟ್ಟು ಹೋದರೆ, ಗ್ರಾಫ್ ಬರುತ್ತದೆ, ಆದರೆ ಅದು ಸುಳ್ಳು ಗ್ರಾಫ್. ಓಪನ್‌ಟೆಲಿಮೆಟ್ರಿಯಲ್ಲಿ ಎರಡೂ ಬಗೆ ಇವೆ, ಎಕ್ಸ್‌ಪೋರ್ಟರ್ (ಸುದ್ದಿಯನ್ನು ಬ್ಯಾಕೆಂಡ್‌ಗೆ ಕಳಿಸುವ ಭಾಗ) ಹೊಂದಿಸುವಾಗ ಆರಿಸಬೇಕು. ನಿಮ್ಮ ಕೋಡ್ "ಒಂದು ಕೂಡಿಸು" ಅಂತ ಮಾತ್ರ ಹೇಳಿದ್ದರೆ ಬದಲಾವಣೆ ಕಾನ್ಫಿಗ್‌ನಲ್ಲೇ ಮುಗಿಯುತ್ತದೆ.

ಮತ್ತೊಂದು. ಎರರ್ ಕೌಂಟರ್‌ಗಳನ್ನು ಪ್ರೋಗ್ರಾಂ ಶುರುವಾದ ತಕ್ಷಣ ಸೊನ್ನೆಯಿಂದ ಹುಟ್ಟಿಸಿ. ಮೊದಲ ಎರರ್ ಬಂದಾಗಲೇ ಕೌಂಟರ್ ಹುಟ್ಟಿದರೆ ಪ್ರೊಮಿಥಿಯಸ್ ಅದನ್ನು ಒಮ್ಮೆಲೇ 1 ಅಂತ ನೋಡುತ್ತದೆ. ಸೊನ್ನೆಯಿಂದ ಒಂದಕ್ಕೆ ಏರಿದ್ದು ಅದಕ್ಕೆ ಕಾಣುವುದಿಲ್ಲ, ಏರಿಕೆ ನೋಡುವ ಅಲರ್ಟ್ ಬಾಯಿ ಬಿಡುವುದಿಲ್ಲ. ಅಪರೂಪಕ್ಕೆ ಬರುವ, ಆದರೆ ಬಂದರೆ ದೊಡ್ಡದಾಗುವ ತಪ್ಪುಗಳಲ್ಲಿ ಇದು ಬಹಳ ಮುಖ್ಯ.

ಎರರ್ ರಿಪೋರ್ಟಿಂಗ್‌ಗೆ ಸ್ವಂತ ಬಾಗಿಲು

ಲಾಗ್‌ಗೆ, ಮೆಟ್ರಿಕ್ಸ್‌ಗೆ ಇರುವಷ್ಟು ಒಪ್ಪಿತವಾದ ಇಂಟರ್‌ಫೇಸ್ ಎರರ್ ರಿಪೋರ್ಟಿಂಗ್‌ಗೆ ಇಲ್ಲ. ಎಕ್ಸೆಪ್ಶನ್‌ನ ಬಗೆ, ಸಂದೇಶ, ಸ್ಟ್ಯಾಕ್ ಟ್ರೇಸ್ ಇವುಗಳಿಗೆ ಓಪನ್‌ಟೆಲಿಮೆಟ್ರಿ ಹೆಸರು ಕೊಟ್ಟಿದೆ. ಗುಂಪು ಮಾಡುವುದು, ಯಾವ ರಿಲೀಸ್‌ನಲ್ಲಿ ಶುರುವಾಯಿತು, ಅದಕ್ಕೂ ಮುಂಚೆ ಏನೇನು ನಡೆಯಿತು, ಇದನ್ನೆಲ್ಲ ಪ್ರತಿ ಕಂಪನಿಯೂ ತನ್ನ ರೀತಿಯಲ್ಲೇ ಮಾಡುತ್ತದೆ. ಅದಕ್ಕೇ ಇಲ್ಲಿ ಒಂದು ಸಣ್ಣ ಇಂಟರ್‌ಫೇಸ್ ನೀವೇ ಬರೆಯಿರಿ. ಒಂದೇ ಫಂಕ್ಷನ್ ಸಾಕು: ಎಕ್ಸೆಪ್ಶನ್ ಒಂದು, ಅದರ ಜೊತೆಗಿನ ಫೀಲ್ಡ್‌ಗಳು ಒಂದು. ಹಿಂದೆ ಮೂರು ಅಡಾಪ್ಟರ್ ಇಡಿ. ಒಂದು ನಿಮ್ಮ ಈಗಿನ ವೆಂಡರ್‌ಗೆ ಕಳಿಸುವುದು, ಒಂದು ಬರೀ ಲಾಗ್‌ಗೆ ಬರೆಯುವುದು, ಒಂದು ಟೆಸ್ಟ್‌ಗಳಿಗಾಗಿ ಮೆಮೊರಿಯಲ್ಲಿ ಇಟ್ಟುಕೊಳ್ಳುವುದು.

ಈ ಫಂಕ್ಷನ್ ಅನ್ನು ಕೋಡ್ ತುಂಬಾ ಕರೆಯಬೇಡಿ. ಅಂಚುಗಳಲ್ಲಿ ಕರೆದರೆ ಸಾಕು: ಎಚ್‌ಟಿಟಿಪಿ ರಿಕ್ವೆಸ್ಟ್ ಮುಗಿಯುವ ಜಾಗ, ಕ್ಯೂ ಕೆಲಸ ಮುಗಿಯುವ ಜಾಗ, ಪ್ರೋಗ್ರಾಂನ ಕಟ್ಟಕಡೆಯ ಹಂತ.

ಗುಂಪು ಮಾಡುವ ಗುರುತನ್ನು ನೀವೇ ನಿರ್ಧರಿಸಿ. ನಾನು ಸಾಮಾನ್ಯವಾಗಿ ಎಕ್ಸೆಪ್ಶನ್‌ನ ಬಗೆ ಮತ್ತು ಸ್ಟ್ಯಾಕ್‌ನಲ್ಲಿ ನಮ್ಮದೇ ಕೋಡ್‌ನ ಮೇಲಿನ ಫಂಕ್ಷನ್ ಹೆಸರು, ಇವೆರಡನ್ನು ಸೇರಿಸಿ ಗುರುತು ಮಾಡುತ್ತೇನೆ. ಸಾಲಿನ ನಂಬರ್ ಸೇರಿಸುವುದಿಲ್ಲ, ಮೇಲೆ ಒಂದು ಕಾಮೆಂಟ್ ಸೇರಿಸಿದರೂ ಅದು ಬದಲಾಗುತ್ತದೆ, ಹಳೆಯ ತಪ್ಪು ಹೊಸದಾಗಿ ಕಾಣುತ್ತದೆ. ಸಂದೇಶವನ್ನೂ ಸೇರಿಸುವುದಿಲ್ಲ, ಅದರಲ್ಲಿ ಐಡಿಗಳು ಇರುತ್ತವೆ. ಈ ಗುರುತನ್ನು ಲಾಗ್ ಸಾಲಿಗೂ ಹಾಕಿದರೆ, ವೆಂಡರ್ ಬದಲಾದ ಮೇಲೂ "ಈ ತಪ್ಪು ಹೋದ ತಿಂಗಳೂ ಇತ್ತಾ" ಅನ್ನುವ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಪ್ರತಿ ರಿಪೋರ್ಟ್‌ಗೂ ರಿಲೀಸ್ ಗುರುತು ಬೇಕು. ಗಿಟ್ ಕಮಿಟ್ ಹ್ಯಾಶ್ ಸಾಕು. ಅದನ್ನೇ ಲಾಗ್‌ಗೂ ಟ್ರೇಸ್‌ಗೂ ಹಾಕಿ. ಬ್ರೌಸರ್ ಕೋಡ್ ಆದರೆ ಸೋರ್ಸ್ ಮ್ಯಾಪ್‌ಗಳನ್ನು, ಮೊಬೈಲ್ ಅಥವಾ ಸಿ++ ಆದರೆ ಸಿಂಬಲ್ ಫೈಲ್‌ಗಳನ್ನು (ಎರಡೂ ಬಿಲ್ಡ್ ಆದ ಕೋಡ್ ಮೂಲದ ಯಾವ ಸಾಲು ಅಂತ ಹೇಳುವ ಫೈಲ್‌ಗಳು) ವೆಂಡರ್‌ಗೆ ಕಳಿಸಿ ಸುಮ್ಮನಾಗಬೇಡಿ. ಬಿಲ್ಡ್ ಜೊತೆ ನಿಮ್ಮಲ್ಲೇ ಒಂದು ಪ್ರತಿ ಇಟ್ಟುಕೊಳ್ಳಿ. ಅದು ಇಲ್ಲದ ಸ್ಟ್ಯಾಕ್ ಟ್ರೇಸ್ ಓದಲು ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ರಿಪೋರ್ಟ್ ಮಾಡುವ ಕೋಡ್ ಅಪ್ಲಿಕೇಶನ್ ಅನ್ನು ಬೀಳಿಸಬಾರದು. ಕ್ಯೂಗೆ ಮಿತಿ ಇರಲಿ. ತುಂಬಿದರೆ ಹೊಸದನ್ನು ಬಿಡಲಿ, ಎಷ್ಟು ಬಿಟ್ಟೆ ಅಂತ ಒಂದು ಕೌಂಟರ್ ಇರಲಿ. ಕಳಿಸಲು ಟೈಮ್‌ಔಟ್ ಇರಲಿ. ಬೇರೆ ಥ್ರೆಡ್‌ನಲ್ಲಿ ಕಳಿಸಲಿ. ಪ್ರೋಗ್ರಾಂಗೆ ನಿಲ್ಲು ಅನ್ನುವ ಸಿಗ್ನಲ್ ಬಂದಾಗ ಉಳಿದದ್ದನ್ನು ಕೆಲವೇ ಸೆಕೆಂಡ್‌ನಲ್ಲಿ ಕಳಿಸಿ ಮುಗಿಸಲಿ. ಕಂಟೈನರ್‌ಗಳಲ್ಲಿ ಇದನ್ನು ಮರೆತರೆ, ಪ್ರೋಗ್ರಾಂ ಯಾಕೆ ಬಿತ್ತು ಅಂತ ಹೇಳಬೇಕಿದ್ದ ಕೊನೆಯ ರಿಪೋರ್ಟೇ ಕಳೆದುಹೋಗುತ್ತದೆ.

ಮೂರನ್ನೂ ಕಟ್ಟುವ ದಾರ

ಮೂರು ಕಡೆ ಮೂರು ಸುದ್ದಿ ಇದ್ದು ಒಂದಕ್ಕೊಂದು ಸಂಬಂಧ ಗೊತ್ತಾಗದಿದ್ದರೆ ಅರ್ಧ ಕೆಲಸ ವ್ಯರ್ಥ. ಆ ಸಂಬಂಧವೇ ಟ್ರೇಸ್ ಐಡಿ, ಒಂದು ರಿಕ್ವೆಸ್ಟ್ ಹೋದಲ್ಲೆಲ್ಲ ಜೊತೆಗೆ ಹೋಗುವ ಗುರುತು. ಇದಕ್ಕೆ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿಯ ಟ್ರೇಸ್ ಕಾಂಟೆಕ್ಸ್ಟ್ ಅನ್ನುವ ಮಾನದಂಡ 2020ರಿಂದ ಇದೆ. ಟ್ರೇಸ್‌ಪೇರೆಂಟ್ ಅನ್ನುವ ಒಂದು ಎಚ್‌ಟಿಟಿಪಿ ಹೆಡರ್. ಅದರಲ್ಲಿ ಅಡ್ಡಗೆರೆಯಿಂದ ಬೇರೆಯಾದ ನಾಲ್ಕು ಭಾಗ: ಆವೃತ್ತಿ, 32 ಹೆಕ್ಸ್ ಅಕ್ಷರದ ಟ್ರೇಸ್ ಐಡಿ, 16 ಹೆಕ್ಸ್ ಅಕ್ಷರದ ಪೇರೆಂಟ್ ಐಡಿ, ಕೊನೆಗೆ ಫ್ಲ್ಯಾಗ್. ಇದೇ ಹೆಡರ್ ಬಳಸಿ. ವೆಂಡರ್‌ನ ಸ್ವಂತ ಹೆಡರ್ ಬಳಸಿದರೆ ದಾರ ಅವರ ಕೈಯಲ್ಲಿರುತ್ತದೆ.

ಆ ಟ್ರೇಸ್ ಐಡಿಯನ್ನು ಪ್ರತಿ ಲಾಗ್ ಸಾಲಿಗೂ ತಾನಾಗಿಯೇ ಸೇರುವಂತೆ ಲಾಗರ್‌ನಲ್ಲಿ ಹೊಂದಿಸಿ. ಬರೆಯುವವರು ನೆನಪಿಟ್ಟುಕೊಂಡು ಸೇರಿಸುವುದು ನಡೆಯುವ ಮಾತಲ್ಲ. ಎರರ್ ರಿಪೋರ್ಟ್‌ಗೂ ಹಾಕಿ. ಗ್ರಾಹಕರಿಗೆ ತೋರಿಸುವ "ಏನೋ ತೊಂದರೆ ಆಗಿದೆ" ಪುಟದಲ್ಲೂ ಇರಲಿ. ಅವರು ಅದರ ಫೋಟೋ ಕಳಿಸಿದರೆ ನೀವು ನೇರವಾಗಿ ಆ ರಿಕ್ವೆಸ್ಟ್‌ಗೇ ಹೋಗಬಹುದು. ದಾರ ತುಂಡಾಗುವುದು ಬಹಳ ಸಲ ಕ್ಯೂಗಳಲ್ಲಿ. ಎಚ್‌ಟಿಟಿಪಿ ಲೈಬ್ರರಿಗಳು ಹೆಡರ್ ದಾಟಿಸುತ್ತವೆ, ಆದರೆ ಕ್ಯೂಗೆ ಹಾಕಿದ ಮೆಸೇಜ್‌ನಲ್ಲಿ ಅದು ಇರುವುದಿಲ್ಲ. ಮೆಸೇಜ್‌ನ ಹೆಡರ್‌ಗೆ ಹಾಕಿ, ತೆಗೆದುಕೊಳ್ಳುವ ಕಡೆ ಓದಿ.

ನಡುವೆ ಒಂದು ಕಲೆಕ್ಟರ್

ಅಪ್ಲಿಕೇಶನ್ ನೇರವಾಗಿ ವೆಂಡರ್‌ಗೆ ಕಳಿಸದೆ ನಡುವೆ ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಇಡಿ. ಅದು ತೆಗೆದುಕೊಳ್ಳುತ್ತದೆ, ಬೇಕಾದ ಹಾಗೆ ತಿದ್ದುತ್ತದೆ, ಕಳಿಸುತ್ತದೆ. ಅಪ್ಲಿಕೇಶನ್‌ನಿಂದ ಕಲೆಕ್ಟರ್‌ಗೆ ಒಟಿಎಲ್‌ಪಿ ಪ್ರೋಟೋಕಾಲ್. ಜಿಆರ್‌ಪಿಸಿಗೆ 4317, ಎಚ್‌ಟಿಟಿಪಿಗೆ 4318 ಪೋರ್ಟ್. ವಿಳಾಸವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಡಿ. ವೆಂಡರ್‌ನ ಕೀ ಕಲೆಕ್ಟರ್ ಹತ್ತಿರ ಮಾತ್ರ ಇರಲಿ, ಅಪ್ಲಿಕೇಶನ್‌ಗೆ ಅದು ಬೇಡ. ಬ್ಯಾಚ್ ಮಾಡುವುದನ್ನೂ ಮೆಮೊರಿ ಮಿತಿಯನ್ನೂ ಮೊದಲ ದಿನವೇ ಹಾಕಿ, ಇಲ್ಲದಿದ್ದರೆ ಟ್ರಾಫಿಕ್ ಏರಿದ ದಿನ ಕಲೆಕ್ಟರ್ ಮೊದಲು ಬೀಳುತ್ತದೆ.

ಕಲೆಕ್ಟರ್‌ನ ದೊಡ್ಡ ಅನುಕೂಲ ವೆಂಡರ್ ಬದಲಿಸುವಾಗ ಗೊತ್ತಾಗುತ್ತದೆ. ಎರಡು ಎಕ್ಸ್‌ಪೋರ್ಟರ್ ಒಟ್ಟಿಗೆ ಇಟ್ಟು ಹಳೆಯದಕ್ಕೂ ಹೊಸದಕ್ಕೂ ಅದೇ ಸುದ್ದಿ ಕಳಿಸಬಹುದು. ಎರಡು ಕಡೆಯ ಎಣಿಕೆ ಹೋಲಿಸಿ. ಹೊಂದದಿದ್ದರೆ ಮೊದಲು ನೋಡಬೇಕಾದದ್ದು ಆಗಲೇ ಹೇಳಿದ ಒಟ್ಟು ಮತ್ತು ಹೆಚ್ಚಳದ ವಿಷಯ, ಆಮೇಲೆ ಸ್ಯಾಂಪ್ಲಿಂಗ್, ಅಂದರೆ ಎಲ್ಲವನ್ನೂ ಕಳಿಸದೆ ಕೆಲವನ್ನಷ್ಟೇ ಆರಿಸಿ ಕಳಿಸುವುದು. ಹೊಂದಿದ ಮೇಲೆ ಹಳೆಯ ಎಕ್ಸ್‌ಪೋರ್ಟರ್ ಸಾಲು ತೆಗೆಯಿರಿ.

ಇಷ್ಟೆಲ್ಲ ಮಾಡಿದರೂ ವೆಂಡರ್ ಜೊತೆ ಕಟ್ಟಿಹಾಕುವ ಒಂದು ಗಂಟು ಉಳಿಯುತ್ತದೆ. ಡ್ಯಾಶ್‌ಬೋರ್ಡ್, ಅಲರ್ಟ್, ಸೇವ್ ಮಾಡಿದ ಹುಡುಕಾಟ, ಇವೆಲ್ಲ ವೆಂಡರ್‌ನ ಕ್ವೆರಿ ಭಾಷೆಯಲ್ಲಿ ಇರುತ್ತವೆ. ಕೋಡ್ ಸಾಗಿಸುವುದಕ್ಕಿಂತ ಇವನ್ನು ಸಾಗಿಸುವುದೇ ಹೆಚ್ಚು ದಿನ ಹಿಡಿಯುತ್ತದೆ. ಅಲರ್ಟ್‌ಗಳನ್ನು ಸ್ಕ್ರೀನ್‌ನಲ್ಲಿ ಒತ್ತಿ ಮಾಡದೆ ಫೈಲ್ ಆಗಿ ಗಿಟ್‌ನಲ್ಲಿಡಿ. ಪ್ರತಿಯೊಂದರ ಮೇಲೂ ಮಾತಿನಲ್ಲಿ ಬರೆಯಿರಿ: "ಹತ್ತು ನಿಮಿಷದಲ್ಲಿ ಪೇಮೆಂಟ್‌ಗಳಲ್ಲಿ ನೂರಕ್ಕೆ ಎರಡಕ್ಕಿಂತ ಜಾಸ್ತಿ ಬ್ಯಾಂಕಿನ ಉತ್ತರವಿಲ್ಲದೆ ವಿಫಲವಾದರೆ ಎಬ್ಬಿಸು, ಯಾಕೆಂದರೆ ಆಗ ಹಣ ಕಡಿತವಾಗಿ ಆರ್ಡರ್ ಆಗದೆ ಇರಬಹುದು." ಕ್ವೆರಿ ಬದಲಾದರೂ ಈ ಮಾತು ಬದಲಾಗುವುದಿಲ್ಲ. ಹೊಸ ಭಾಷೆಯಲ್ಲಿ ಮತ್ತೆ ಬರೆಯುವವರಿಗೆ ಬೇಕಾದದ್ದು ಇದೇ.

ಗೆರೆ ಅಳಿಸದಂತೆ

ಸಿಐನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ತಾನಾಗಿ ಓಡುವ ಬಿಲ್ಡ್ ಮತ್ತು ಟೆಸ್ಟ್‌ನಲ್ಲಿ) ಒಂದು ಚೆಕ್ ಹಾಕಿ: ವೆಂಡರ್ ಲೈಬ್ರರಿಯ ಹೆಸರು ಅಡಾಪ್ಟರ್ ಫೋಲ್ಡರ್ ಬಿಟ್ಟು ಬೇರೆಲ್ಲೇ ಕಂಡರೂ ಬಿಲ್ಡ್ ನಿಲ್ಲಲಿ. ಇದಕ್ಕೆ ಗ್ರೆಪ್ ಕಮಾಂಡ್ ಸಾಕು. ಮುಖ್ಯವಾದ ಘಟನೆಗಳಿಗೆ ಟೆಸ್ಟ್ ಬರೆಯಿರಿ. ಬ್ಯಾಂಕ್ ಟೈಮ್‌ಔಟ್ ಆದಾಗ ಪೇಮೆಂಟ್_ವಿಫಲ ಅನ್ನುವ ಘಟನೆ ಒಂದೇ ಸಲ ಬಂತೇ, ಕೌಂಟರ್ ಒಂದು ಏರಿತೇ, ಕಾರ್ಡ್ ನಂಬರ್ ಎಲ್ಲೂ ಇಲ್ಲವೇ. ಮೆಮೊರಿ ಅಡಾಪ್ಟರ್ ಇರುವುದರಿಂದ ಈ ಟೆಸ್ಟ್‌ಗೆ ನೆಟ್‌ವರ್ಕ್ ಬೇಡ.

ಕೊನೆಯದಾಗಿ ಸ್ಟೇಜಿಂಗ್‌ನಲ್ಲಿ ಕಲೆಕ್ಟರ್ ವಿಳಾಸಕ್ಕೆ ಇಲ್ಲದ ಮಷೀನ್‌ನ ಹೆಸರು ಕೊಟ್ಟು, ಅಪ್ಲಿಕೇಶನ್ ಶುರು ಮಾಡಿ, ಲೋಡ್ ಹಾಕಿ. ರಿಕ್ವೆಸ್ಟ್‌ಗಳ ವೇಗ ಇಳಿಯಬಾರದು. ಮೆಮೊರಿ ಏರುತ್ತಾ ಹೋಗಬಾರದು. ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲಿ ಲಾಗ್ ಬರುತ್ತಲೇ ಇರಬೇಕು, ಬಿಟ್ಟ ರಿಪೋರ್ಟ್‌ಗಳ ಕೌಂಟರ್ ಏರುತ್ತಿರಬೇಕು. ನಿಲ್ಲಿಸಿದರೆ ಕೆಲವೇ ಸೆಕೆಂಡ್‌ನಲ್ಲಿ ನಿಲ್ಲಬೇಕು. ಇದರಲ್ಲಿ ಯಾವುದು ಆಗದಿದ್ದರೂ ಅದನ್ನು ಸರಿಮಾಡಿದ ಮೇಲೆಯೇ ಪ್ರೊಡಕ್ಷನ್‌ಗೆ ಹಾಕಿ.